ನಾರ್ವೆಗೆ ಹೋದರೆ ಯಾವ ಬೆಟ್ಟ, ಯಾವ ಫ್ಯೋರ್ಡ್?

ಪ್ರಶ್ನೆ: ಜುಲೈನಲ್ಲಿ ಅಪ್ಪ ಅಮ್ಮನ ಜೊತೆ ನಾರ್ವೆಗೆ ಹೋಗ್ತಿದ್ದೇವೆ. ಇಬ್ಬರಿಗೂ ಅರವತ್ತು ದಾಟಿದೆ. ಟ್ರೋಲ್‌ಟುಂಗಾ ಬಂಡೆಗೆ ಕರೆದುಕೊಂಡು ಹೋಗಬಹುದಾ?

ಉತ್ತರ: ಬೇಡ. ಫೋಟೊದಲ್ಲಿ ಆ ನಾಲಿಗೆಯಂಥ ಬಂಡೆ ಚೆಂದ ಕಾಣುತ್ತೆ, ಆದರೆ ಸ್ಕೆಗ್ಗೆಡಾಲ್‌ನಿಂದ ಹೋಗಿ ಬರೋಕೆ ಸುಮಾರು 27 ಕಿಲೋಮೀಟರ್, ಅಂದರೆ ಹತ್ತು ಹನ್ನೆರಡು ಗಂಟೆ ನಡಿಗೆ. ಕಾಲು ಗಟ್ಟಿ ಇದ್ದರೆ ನೀವೊಬ್ಬರೇ ಹೋಗಿ ಬನ್ನಿ.

ಅವರನ್ನು ಫ್ಯೋರ್ಡ್ ದಂಡೆಯ ಫ್ಲೋಮ್ ಹಳ್ಳಿಗೆ ಕರೆದುಕೊಂಡು ಹೋಗಿ. ಬರ್ಗನ್‌ನಿಂದ ರೈಲಲ್ಲಿ ಮಿರ್ಡಾಲ್‌ವರೆಗೆ ಬಂದು, ಅಲ್ಲಿ ಫ್ಲೋಮ್ ರೈಲು ಹತ್ತಿದರೆ 20 ಕಿಲೋಮೀಟರ್ ದಾರಿಯಲ್ಲಿ 860 ಮೀಟರಿಗೂ ಜಾಸ್ತಿ ಕೆಳಗಿಳಿಯುತ್ತದೆ, ಮಧ್ಯದಲ್ಲಿ ಶೋಸ್‌ಫಾಸೆನ್ ಜಲಪಾತದ ಎದುರು ಐದು ನಿಮಿಷ ನಿಲ್ಲಿಸುತ್ತಾರೆ. ಕೆಳಗೆ ಸಮುದ್ರದ ನೀರು. ಅಲ್ಲಿಂದ ಗುಡ್ವಾಂಗೆನ್‌ಗೆ ಎರಡು ಗಂಟೆಯ ದೋಣಿ ಪಯಣ, ನೇರೋಯ್ ಫ್ಯೋರ್ಡ್ ಮೂಲಕ. ಕೆಲವು ಕಡೆ ಅದರ ಅಗಲ ಬರೀ 250 ಮೀಟರ್, ಎರಡೂ ಬದಿ ಗೋಡೆಯಂಥ ಬೆಟ್ಟ. ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿ ಆಗಿರೋದು ಇದು. 2005ರಲ್ಲಿ ಗೈರಾಂಗರ್ ಅನ್ನೋ ಇನ್ನೊಂದು ಫ್ಯೋರ್ಡ್ ಜೊತೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ನನ್ನನ್ನು ಕೇಳಿದರೆ ಇದೊಂದೇ ಸಾಕು.

ಹತ್ತಲೇಬೇಕು ಅಂದರೆ ಸ್ಟಾವಂಗರ್ ಊರಿನ ಕಡೆ ಪ್ರೈಕೆಸ್ಟೋಲೆನ್ ಅನ್ನೋ ಕಡಿದಾದ ಬಂಡೆ ಇದೆ. ಹೋಗಿ ಬರೋಕೆ 8 ಕಿಲೋಮೀಟರ್, ಕಲ್ಲು ಮೆಟ್ಟಿಲೂ ಇವೆ. ಮೇಲೆ 604 ಮೀಟರ್ ಎತ್ತರದಲ್ಲಿ ಅಂಚಿಗೆ ಕಂಬಿಯೇ ಇಲ್ಲ, ಅಮ್ಮನಿಗೆ ತಲೆ ಸುತ್ತೋದಿದ್ದರೆ ಬಿಡಿ. ರೇನ್‌ಕೋಟ್ ಮರೀಬೇಡಿ. ಬರ್ಗನ್ ಮಳೆ ನಮ್ಮ ಆಗುಂಬೆಯವರಿಗೂ ಹೊಸದೇನಲ್ಲ ಅನಿಸಬಹುದು, ಚಳಿ ಮಾತ್ರ ಬೇರೆ!