ಸ್ಪಿರಿಟ್‌ನಲ್ಲಿ ಅದ್ದಿದ ಈರುಳ್ಳಿ ಪೊರೆಯಲ್ಲಿ ಮೈಟೋಕಾಂಡ್ರಿಯಾ ಹುಡುಕಬೇಡಿ

ಸರ್, ನಿಮ್ಮ ಫೋಟೊ ನೋಡಿದೆ. ಪೊರೆಯನ್ನು ಸ್ಪಿರಿಟ್‌ನಲ್ಲಿಟ್ಟು, ಜೇನಸ್ ಗ್ರೀನ್ ಅನ್ನೋ ಬಣ್ಣ ಹಾಕಿ, ಕವರ್ ಸ್ಲಿಪ್ ಸುತ್ತ ನೇಲ್ ಪಾಲಿಶ್ ಬಳಿದು, "ಮೈಟೋಕಾಂಡ್ರಿಯಾ ಸಿಕ್ಕಿತು, ಎಲ್ಲ ಕಣದಂಗಗಳೂ ಒಂದು ಕಾಲದ ಬ್ಯಾಕ್ಟೀರಿಯಾ" ಅಂತ ಬರೆದಿದ್ದೀರಿ. (ಕಣದಂಗ ಅಂದರೆ ಕೋಶದೊಳಗಿನ ಪುಟ್ಟ ಅಂಗ, ಉಸಿರಾಟ ನಡೆಸೋ ಕಣದಂಗವೇ ಮೈಟೋಕಾಂಡ್ರಿಯಾ.) ಎರಡೂ ಸರಿಯಿಲ್ಲ. ಈ ಗುಂಪಿನಲ್ಲಿ ಇದೇ ತಪ್ಪು ಮತ್ತೆ ಮತ್ತೆ ಬರ್ತಿದೆ, ಅದಕ್ಕೇ ಉದ್ದ ಬರೀತಿದ್ದೀನಿ.

ಜೇನಸ್ ಗ್ರೀನ್ ಬಿ ಕೆಲಸ ಮಾಡೋದು ಕೋಶ ಜೀವಂತ ಇದ್ದಾಗ ಮಾತ್ರ. ಕೋಶದ್ರವ್ಯ ಅದನ್ನು ಅಪಕರ್ಷಿಸಿ (ಎಲೆಕ್ಟ್ರಾನ್ ಕೊಟ್ಟು) ಬಣ್ಣ ಕಳೆಯುತ್ತೆ. ಮೈಟೋಕಾಂಡ್ರಿಯಾದ ಸೈಟೋಕ್ರೋಮ್ ಆಕ್ಸಿಡೇಸ್ ಅನ್ನೋ ಕಿಣ್ವ ಅದನ್ನು ಉತ್ಕರ್ಷಿತವಾಗೇ (ಎಲೆಕ್ಟ್ರಾನ್ ಕಳೆದುಕೊಂಡ ರೂಪದಲ್ಲೇ) ಇಡುತ್ತೆ, ಹಾಗಾಗಿ ಅಲ್ಲಿ ಮಾತ್ರ ನೀಲಿ-ಹಸಿರು ಉಳಿಯುತ್ತೆ. ಸ್ಪಿರಿಟ್ ತಾಗಿದರೆ ಆ ಉಸಿರಾಟವೇ ನಿಲ್ಲುತ್ತೆ, ಬಣ್ಣ ಸಿಕ್ಕಸಿಕ್ಕಲ್ಲಿ ಅಂಟುತ್ತೆ. ನೇಲ್ ಪಾಲಿಶ್ ಹಾಕಿದರೆ ಆಮ್ಲಜನಕ ಮುಗಿದು ಬಣ್ಣ ಗುಲಾಬಿಗೆ ತಿರುಗಿ ಮಾಯವಾಗುತ್ತೆ. ದಯವಿಟ್ಟು ಅಂಚು ಮುಚ್ಚಬೇಡಿ.

0.1 ಗ್ರಾಂ ಪುಡಿಯನ್ನು 10 ಮಿಲಿ ಡಿಸ್ಟಿಲ್ಡ್ ನೀರಲ್ಲಿ ಕರಗಿಸಿ ಸ್ಟಾಕ್ ಇಟ್ಟುಕೊಳ್ಳಿ. ಬೇಕಾದಾಗ 10 ಮಿಲಿ ನೀರಿಗೆ ಅರ್ಧ ಗ್ರಾಂ ಸಕ್ಕರೆ, ಅದಕ್ಕೆ ಸ್ಟಾಕ್‌ನಿಂದ 0.2 ಮಿಲಿ, ಅಂದರೆ ಡ್ರಾಪರ್‌ನಲ್ಲಿ ಸುಮಾರು ನಾಲ್ಕು ಹನಿ. ಸಿಗೋದು 0.02%. ಗಾಢ ಮಾಡಿದರೆ ಚೆನ್ನಾಗಿ ಕಾಣುತ್ತೆ ಅನ್ನೋ ಆಸೆ ಬೇಡ, ಬಣ್ಣವೇ ವಿಷವಾಗಿ ಕೋಶ ಸಾಯುತ್ತೆ. ಸಕ್ಕರೆ ನೀರು ಆಯಾ ದಿನವೇ ಮಾಡಿ, ಬೂಸ್ಟು ಬರುತ್ತೆ. ಹೈಮೀಡಿಯಾ, ಲೋಬಾ ಅಂತ ಬ್ರಾಂಡ್ ಜಗಳ ಬೇಡ. ಡಬ್ಬಿ ಮೇಲೆ ಕಲರ್ ಇಂಡೆಕ್ಸ್ (ಬಣ್ಣದ ಗುರುತಿನ ಸಂಖ್ಯೆ) 11050 ಇದೆಯಾ ನೋಡಿ. ಹಸಿರು ಅಂತ ಮ್ಯಾಲಕೈಟ್ ಗ್ರೀನ್ ತಂದರೆ ದುಡ್ಡು ದಂಡ.

ಈರುಳ್ಳಿ ಎಸಳಿನ ಒಳಮೈ ಪೊರೆ, 5 ಮಿಮೀ ಚೌಕ ಸಾಕು. ನೇರ ಬಣ್ಣದ ಹನಿಗೆ ಹಾಕಿ, ನೀರಿಗಲ್ಲ. ಹತ್ತು ನಿಮಿಷ ಬಿಟ್ಟು ನೋಡಿ. ಮಧ್ಯೆ ಅಂಚಿಗೆ ಒಂದೊಂದು ಹನಿ ಕೊಡ್ತಾ ಇರಿ. ಮೊದಲು 40x ಆಬ್ಜೆಕ್ಟಿವ್‌ನಲ್ಲಿ ಕೋಶದ್ರವ್ಯ ಹರೀತಿದೆಯಾ ನೋಡಿ, ಹರೀದಿದ್ದರೆ ಆ ಸ್ಲೈಡ್ ಬಿಸಾಕಿ. ಆಮೇಲೆ 100x ಆಯಿಲ್ ಆಬ್ಜೆಕ್ಟಿವ್. ಹಳೇ ಒಲಿಂಪಸ್ ಸಿಎಚ್20ಐ ಮೈಕ್ರೋಸ್ಕೋಪ್ ಧಾರಾಳ ಸಾಕು, ಆದರೆ ಐರಿಸ್ (ಬೆಳಕು ಹೆಚ್ಚುಕಮ್ಮಿ ಮಾಡೋ ಕಿಂಡಿ) ಪೂರ್ತಿ ಮುಚ್ಚಬೇಡಿ. ಮುಚ್ಚಿದರೆ ಪ್ರತಿ ಕಣದ ಸುತ್ತ ಬಳೆ ಕಾಣಿಸಿ, ಅದನ್ನೇ ಮೈಟೋಕಾಂಡ್ರಿಯಾದ "ಎರಡು ಪೊರೆ" ಅಂತ ಬರೀತಾರೆ. ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪ್‌ನಲ್ಲಿ ಆ ಎರಡು ಪೊರೆ ಬೇರೆಬೇರೆಯಾಗಿ ಯಾರಿಗೂ ಕಾಣಲ್ಲ.

ಈಗ ಗುರುತು ಹಿಡಿಯೋದು. ಬಣ್ಣ ಹಿಡಿಯದೆ ಪಳಪಳ ಹೊಳೆಯೋ ಗುಂಡು ಎಣ್ಣೆಹನಿ. ಕೋಶಕೇಂದ್ರದ ಸುತ್ತ ಗುಂಪಾಗಿರೋ ದೊಡ್ಡ ಬಣ್ಣವಿಲ್ಲದ ಕಣಗಳು ಲ್ಯೂಕೋಪ್ಲಾಸ್ಟ್. ನಿಮ್ಮ ಫೋಟೊದಲ್ಲಿ ಬಾಣ ಹಾಕಿರೋದು ಬಹುಶಃ ಇವಕ್ಕೇ. ಅರ್ಧದಿಂದ ಒಂದು ಮೈಕ್ರಾನ್ ದಪ್ಪದ ನೀಲಿ-ಹಸಿರು ಕಡ್ಡಿ, ಹರಿವಿನ ಜೊತೆ ಬಳುಕ್ತಾ ಹೋಗ್ತಿದ್ದರೆ ಅದು ಮೈಟೋಕಾಂಡ್ರಿಯಾ. ಎಲ್ಲವೂ ಉಬ್ಬಿ ಗುಂಡಾಗಿದ್ದರೆ ಕೋಶ ಸಾಯ್ತಿದೆ, ಹೊಸ ಪೊರೆ ತಗೊಳ್ಳಿ.

ಮೂಲದ ವಿಷಯಕ್ಕೆ ಬಂದರೆ, ಬ್ಯಾಕ್ಟೀರಿಯಾ ಮೂಲ ಗಟ್ಟಿಯಾಗಿರೋದು ಎರಡಕ್ಕೆ: ಮೈಟೋಕಾಂಡ್ರಿಯಾಕ್ಕೆ ಆಲ್ಫಾಪ್ರೋಟಿಯೋಬ್ಯಾಕ್ಟೀರಿಯಾ, ಕ್ಲೋರೋಪ್ಲಾಸ್ಟ್‌ಗೆ (ಲ್ಯೂಕೋಪ್ಲಾಸ್ಟ್ ಕೂಡ ಇದೇ ವಂಶ) ಸಯನೋಬ್ಯಾಕ್ಟೀರಿಯಾ. ಗಾಲ್ಜಿ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಇಆರ್) ತರದ ಕಣದಂಗ‌ಗಳನ್ನು ಈ ಪಟ್ಟಿಗೆ ಸೇರಿಸಬೇಡಿ. 1967ರಲ್ಲಿ ಇದನ್ನು ಮತ್ತೆ ಮುಂದಿಟ್ಟ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಫ್ಲಾಜೆಲ್ಲಾಕ್ಕೂ (ಕೋಶ ಈಜೋಕೆ ಬಳಸೋ ಬಾಲ) ಇದೇ ಮೂಲ ಹೇಳಿದ್ದರು, ಅದಕ್ಕೆ ಪುರಾವೆ ಸಿಗಲಿಲ್ಲ. ಮೈಟೋಕಾಂಡ್ರಿಯಾಕ್ಕೆ ಇನ್ನೂ ಸ್ವಂತ ಡಿಎನ್ಎ ಇದೆ, ಮನುಷ್ಯರಲ್ಲಿ 16,569 ಬೇಸ್ ಜೋಡಿ, 37 ಜೀನ್. ಮೂಲ ಬ್ಯಾಕ್ಟೀರಿಯಾದ ಉಳಿದ ಜೀನ್‌ಗಳಲ್ಲಿ ಕೆಲವು ಕೋಶಕೇಂದ್ರಕ್ಕೆ ಹೋದವು, ಮಿಕ್ಕವು ಕಳೆದೇಹೋದವು.

ಕೆಳಗೆ ಇನ್ನೊಬ್ಬರು ಹಾಕಿರೋ ಹಸಿರು ಏಕಕೋಶ ಜೀವಿ ಪ್ಯಾರಮೀಸಿಯಮ್ ಬರ್ಸೇರಿಯಾದಲ್ಲಿ ಇರೋದು ಕ್ಲೋರೋಪ್ಲಾಸ್ಟ್ ಅಲ್ಲ, ಇಡೀ ಪಾಚಿಕೋಶಗಳು. ಅವು ಇನ್ನೂ ಅತಿಥಿಗಳು, ಕಣದಂಗ ಆಗಿಲ್ಲ.

ಕಣದಂಗ ಬ್ಯಾಕ್ಟೀರಿಯಾದ ಹಾಗೆ ಎರಡಾಗೋ ವಿಭಜನೆ ನೋಡಬೇಕಾ? ಮಳೆಗಾಲದ ಗೋಡೆ ಮೇಲಿನ ಹಾವಸೆಯ (ಮಾಸ್) ಎಳೇ ಎಲೆ ತಗೊಳ್ಳಿ. ಒಂದೇ ಕೋಶದ ದಪ್ಪ, ಬಣ್ಣವೇ ಬೇಡ. ನಡು ಸಣ್ಣಗಾಗಿ ಎರಡಾಗ್ತಿರೋ ಕ್ಲೋರೋಪ್ಲಾಸ್ಟ್ 40xನಲ್ಲೇ ಸಿಗುತ್ತೆ. ಕೆಲವು ಹಾವಸೆಗಳಲ್ಲಿ ಆಂಪಿಸಿಲಿನ್ ಈ ವಿಭಜನೆ ನಿಲ್ಲಿಸುತ್ತೆ ಅನ್ನೋದು ನಿಜ, ಆದರೆ ಮನೆಯಲ್ಲಿ ಆಂಟಿಬಯಾಟಿಕ್ ಸುರಿದು ಪ್ರಯೋಗ ಮಾಡಬೇಡಿ, ಮೋರಿಗೆ ಹೋಗಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತೆ.

ಹೊಸ ಫೋಟೊ ಹಾಕುವಾಗ ಯಾವ ಆಬ್ಜೆಕ್ಟಿವ್, ಬಣ್ಣ ಹಾಕಿ ಎಷ್ಟು ನಿಮಿಷ ಆಗಿತ್ತು ಬರೀರಿ. ಆಗುವುದಾದರೆ ಹತ್ತು ಸೆಕೆಂಡ್ ವಿಡಿಯೊ ಹಾಕಿ, ಹರಿವು ಇದೆಯೋ ಇಲ್ಲವೋ ಅದರಲ್ಲೇ ಗೊತ್ತಾಗುತ್ತೆ.