ಕಂಪ್ಯೂಟರ್ ಪ್ರಶ್ನೋತ್ತರ: ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ

ಪ್ರಶ್ನೆ: ಹಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಒದಗಿಸುವ ಡಬ್ಬ) ತೆಗೆದು ಹೊಸದನ್ನು ಹಾಕಿದೆ. ಬಟನ್ ಒತ್ತಿದರೆ ಫ್ಯಾನುಗಳೆಲ್ಲ ತಿರುಗುತ್ತವೆ, ಬೋರ್ಡಿನ ಮೇಲಿನ ದೀಪವೂ ಉರಿಯುತ್ತದೆ. ಮಾನಿಟರಿನಲ್ಲಿ ಮಾತ್ರ ಏನೂ ಬರುವುದಿಲ್ಲ. ಹೊಸ ಎಸ್‌ಎಂಪಿಎಸ್ ಕೆಟ್ಟಿದೆಯೇ?

ಉತ್ತರ: ಅದನ್ನು ವಾಪಸ್ ಕೊಡುವ ಮೊದಲು ಪ್ರೊಸೆಸರ್ ಪಕ್ಕದ ಸಾಕೆಟ್ ನೋಡಿ. ಮದರ್‌ಬೋರ್ಡಿಗೆ ಎರಡು ಕೇಬಲ್ ಬೇಕು. ಬೋರ್ಡಿನ ಅಂಚಿನಲ್ಲಿರುವ 24 ಪಿನ್ನಿನ ದೊಡ್ಡದನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಮೇಲಿನ ಮೂಲೆಯಲ್ಲಿ, ಪ್ರೊಸೆಸರಿಗೆ ಹತ್ತಿರ ಇರುವ 4 ಅಥವಾ 8 ಪಿನ್ನಿನದನ್ನು. ಫ್ಯಾನು, ದೀಪ, ಯುಎಸ್‌ಬಿ ಎಲ್ಲಕ್ಕೂ 24 ಪಿನ್ನಿನಿಂದಲೇ ಕರೆಂಟ್ ಸಿಗುತ್ತದೆ. ಪ್ರೊಸೆಸರಿಗೆ ವೋಲ್ಟೇಜ್ ಇಳಿಸಿ ಕೊಡುವ ಸರ್ಕ್ಯೂಟಿಗೆ ಬೇಕಾದ 12 ವೋಲ್ಟ್ ಬರುವುದು ಆ ಚಿಕ್ಕ ಕನೆಕ್ಟರಿನಿಂದ. ಅದಿಲ್ಲದಿದ್ದರೆ ಎಲ್ಲವೂ ತಿರುಗುತ್ತದೆ, ಪ್ರೊಸೆಸರ್ ಮಾತ್ರ ಏಳುವುದೇ ಇಲ್ಲ.

ಕೇಬಲ್ ಹಾಕಿದ್ದರೂ ಪೂರ್ತಿ ಕೂತಿದೆಯೇ ಎಂದು ಪರೀಕ್ಷಿಸಿ. ಮೊದಲು ಗೋಡೆಯ ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿಯುತ್ತದೆ, ದೀಪ ಆರುತ್ತದೆ. ಆಮೇಲೆ ಕನೆಕ್ಟರಿನ ಕೊಕ್ಕೆ ಸಾಕೆಟ್ಟಿನ ಉಬ್ಬಿನ ಕಡೆಗೆ ಇರುವಂತೆ ಹಿಡಿದು, ನೇರವಾಗಿ ಒತ್ತಿ. 24 ಪಿನ್ನಿನದಕ್ಕೆ ಸಾಕಷ್ಟು ಬಲ ಬೇಕು. ಬೋರ್ಡು ಬಾಗದಂತೆ ಇನ್ನೊಂದು ಕೈಯಲ್ಲಿ ಅಂಚಿಗೆ ಆಸರೆ ಕೊಡಿ. ಟಕ್ ಎಂದು ಕೊಕ್ಕೆ ಉಬ್ಬಿನ ಕೆಳಗೆ ಸಿಕ್ಕಿಕೊಳ್ಳಬೇಕು. ಒಂದು ತುದಿ ಎದ್ದಿದ್ದರೆ ಆ ಕಡೆಯ ಪಿನ್ನುಗಳು ಅರೆಬರೆ ತಾಗಿ, ಬಿಸಿಯಾಗಿ, ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುತ್ತದೆ.

ಇನ್ನೊಂದು ಎಚ್ಚರಿಕೆ. ದೊಡ್ಡ ಕನೆಕ್ಟರ್ ಹಲವು ಎಸ್‌ಎಂಪಿಎಸ್‌ಗಳಲ್ಲಿ 20 ಮತ್ತು 4 ಎಂದು ಎರಡು ತುಂಡಾಗಿರುತ್ತದೆ. ಆ 4 ಪಿನ್ನಿನ ತುಂಡು ಪ್ರೊಸೆಸರಿನದಲ್ಲ. ತಂತಿಯ ಬಣ್ಣ ನೋಡಿದರೆ ಗೊತ್ತಾಗುತ್ತದೆ: ಅದರಲ್ಲಿ ಹಳದಿ, ಕಿತ್ತಳೆ, ಕೆಂಪು, ಕಪ್ಪು ಒಂದೊಂದು ಇರುತ್ತವೆ. ಪ್ರೊಸೆಸರಿನದರಲ್ಲಿ ಎರಡು ಹಳದಿ, ಎರಡು ಕಪ್ಪು.

ಪ್ರಶ್ನೆ: ನನ್ನ ಎಸ್‌ಎಂಪಿಎಸ್‌ನಲ್ಲಿ 8 ಪಿನ್ನಿನ ಕೇಬಲ್ ಎರಡು ಬಗೆಯವು ಇವೆ. ಯಾವುದನ್ನು ಎಲ್ಲಿಗೆ ಹಾಕುವುದು?

ಉತ್ತರ: ಒಡೆಯುವ ರೀತಿ ನೋಡಿ. 4 ಮತ್ತು 4 ಆಗಿ ಬಿಡಿಸಿಕೊಳ್ಳುವುದು ಪ್ರೊಸೆಸರಿನದು. 6 ಮತ್ತು 2 ಆಗುವುದು ಗ್ರಾಫಿಕ್ಸ್ ಕಾರ್ಡಿನದು. ತುದಿಯಲ್ಲಿ ಸಿಪಿಯು ಅಥವಾ ಪಿಸಿಐ-ಇ ಎಂದು ಅಚ್ಚು ಹಾಕಿರುವುದೂ ಉಂಟು. ಒಂದರಲ್ಲಿ 12 ವೋಲ್ಟ್ ಇರುವ ಸಾಲು ಇನ್ನೊಂದರಲ್ಲಿ ಗ್ರೌಂಡ್ (ಕಪ್ಪು ತಂತಿ, ಸೊನ್ನೆ ವೋಲ್ಟ್). ಪಿನ್ನುಗಳ ಆಕಾರ ಬೇರೆ ಮಾಡಿರುವುದು ಅದಲು ಬದಲು ಆಗದಿರಲೆಂದೇ. ಆದರೂ ಬಲವಂತ ಮಾಡಿದರೆ ಪ್ಲಾಸ್ಟಿಕ್ ಬಿಟ್ಟುಕೊಡುತ್ತದೆ, ಸ್ವಿಚ್ ಹಾಕಿದೊಡನೆ ನೇರ ಶಾರ್ಟ್. ಕನೆಕ್ಟರ್ ಹೋಗಲು ಒಪ್ಪದಿದ್ದರೆ ಒತ್ತಬೇಡಿ, ಕೇಬಲ್ ಬದಲಿಸಿ.

ಪ್ರಶ್ನೆ: ಬೋರ್ಡಿನಲ್ಲಿ ಪ್ರೊಸೆಸರಿಗೆ 8 ಪಿನ್ ಇದೆ, ಎಸ್‌ಎಂಪಿಎಸ್‌ನಲ್ಲಿ ಇರುವುದು 4 ಮಾತ್ರ. ನಡೆಯುತ್ತದೆಯೇ?

ಉತ್ತರ: ಬಹಳಷ್ಟು ಬೋರ್ಡುಗಳು ಚಾಲೂ ಆಗುತ್ತವೆ. ಆದರೆ 4 ಪಿನ್ನಿನಲ್ಲಿ 12 ವೋಲ್ಟಿನ ತಂತಿ ಎರಡೇ. 65 ವ್ಯಾಟ್ ಪ್ರೊಸೆಸರ್ ಆದರೆ ಸುಮಾರು ಐದೂವರೆ ಆಂಪಿಯರ್ ಎರಡರಲ್ಲಿ ಹಂಚಿ ಹೋಗುತ್ತದೆ, ತೊಂದರೆಯಿಲ್ಲ. 125 ವ್ಯಾಟಿನದಕ್ಕೆ ಹತ್ತು ದಾಟುತ್ತದೆ, ಲೋಡ್ ಏರಿದಾಗ ಇನ್ನೂ ಹೆಚ್ಚು. ಅಂಥದ್ದಕ್ಕೆ ಎಸ್‌ಎಂಪಿಎಸ್ ಬದಲಿಸುವುದೇ ಸರಿ.

ಪ್ರಶ್ನೆ: ಹೊಸ ಮಾಡ್ಯುಲರ್ (ಕೇಬಲುಗಳನ್ನು ಡಬ್ಬದಿಂದ ಬಿಡಿಸಬಹುದಾದ) ಎಸ್‌ಎಂಪಿಎಸ್ ತಂದಿದ್ದೇನೆ. ಹಳೆಯ ಕೇಬಲುಗಳು ಅದಕ್ಕೆ ಸಲೀಸಾಗಿ ಕೂರುತ್ತವೆ. ಅವನ್ನೇ ಬಳಸಲೇ?

ಉತ್ತರ: ದಯವಿಟ್ಟು ಬೇಡ. ಮದರ್‌ಬೋರ್ಡಿನ ಕಡೆಯ ತುದಿಗೆ ನಿಗದಿತ ನಿಯಮವಿದೆ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟ್ ಎಂಬುದನ್ನು ತಯಾರಕರು ತಮಗೆ ತೋಚಿದಂತೆ ಇಟ್ಟಿರುತ್ತಾರೆ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ವ್ಯತ್ಯಾಸವಿರಬಹುದು. 5 ವೋಲ್ಟ್ ಬರಬೇಕಾದಲ್ಲಿ 12 ಬಂದರೆ ಹಾರ್ಡ್ ಡಿಸ್ಕು, ಎಸ್‌ಎಸ್‌ಡಿ ಸ್ವಿಚ್ ಹಾಕಿದ ಕ್ಷಣದಲ್ಲೇ ಸುಟ್ಟುಹೋಗುತ್ತವೆ, ಒಳಗಿನ ಫೈಲುಗಳೂ ಕೈಗೆ ಸಿಗದಂತಾಗಬಹುದು. ಜೊತೆಗೆ ಬಂದ ಕೇಬಲುಗಳನ್ನೇ ಹಾಕಿ, ಹಳೆಯವನ್ನು ಹಳೆಯ ಪೆಟ್ಟಿಗೆಯಲ್ಲಿಡಿ.

ಪ್ರಶ್ನೆ: ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ದೋಷ ಎಸ್‌ಎಂಪಿಎಸ್‌ನದೋ ಬೋರ್ಡಿನದೋ?

ಉತ್ತರ: ಹಿಂಬದಿಯ ಸ್ವಿಚ್ ನೋಡಿಯಾದ ಮೇಲೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಪ್ಲಗ್ ಹಾಕಿ, ಬಟನ್ ಒತ್ತದೆಯೇ 24 ಪಿನ್ನಿನ ನೇರಳೆ ತಂತಿ ಮತ್ತು ಕಪ್ಪಿನ ನಡುವೆ ಅಳೆಯಿರಿ. ಅದು ಸ್ಟ್ಯಾಂಡ್‌ಬೈ, ಅಂದರೆ ಕಂಪ್ಯೂಟರ್ ಆಫ್ ಇದ್ದಾಗಲೂ ಬರುವ ಕರೆಂಟ್; ಅಲ್ಲಿ ಸದಾ 5 ವೋಲ್ಟ್ ಇರಬೇಕು. ಇಲ್ಲದಿದ್ದರೆ ದೋಷ ಎಸ್‌ಎಂಪಿಎಸ್‌ನದು ಎಂಬ ಅನುಮಾನ ಬಲವಾಗುತ್ತದೆ. ಕೇಬಲನ್ನು ಬೋರ್ಡಿನಿಂದ ಬಿಡಿಸಿ ಮತ್ತೊಮ್ಮೆ ಅಳೆದರೆ ಖಚಿತ, ಬೋರ್ಡಿನ ಶಾರ್ಟಿನಿಂದಲೂ ಅದು ಇಳಿದಿರಬಹುದು.

ಸ್ಟ್ಯಾಂಡ್‌ಬೈ ಇದ್ದರೆ ಪ್ಲಗ್ ಕಿತ್ತು ಎಲ್ಲ ಕೇಬಲುಗಳನ್ನೂ ಬಿಡಿಸಿ, ಒಂದು ಕ್ಯಾಬಿನೆಟ್ ಫ್ಯಾನನ್ನು ಮಾತ್ರ ಎಸ್‌ಎಂಪಿಎಸ್‌ಗೆ ಸಿಕ್ಕಿಸಿ. ಹಸಿರು ತಂತಿಯ ಪಿನ್ನನ್ನು ಪಕ್ಕದ ಕಪ್ಪಿನ ಪಿನ್ನಿಗೆ ತಂತಿಯ ತುಂಡಿನಿಂದ ಜೋಡಿಸಿ ಪ್ಲಗ್ ಹಾಕಿ. ಎಲ್ಲ ತಂತಿಗಳೂ ಕಪ್ಪಾಗಿದ್ದರೆ ಕೊಕ್ಕೆ ಇರುವ ಸಾಲಿನಲ್ಲಿ 13ರಿಂದ 24ರವರೆಗೆ ಎಣಿಸಿ, 16ನೆಯದೇ ಹಸಿರಿನ ಸ್ಥಾನ. ಅದರ ಎರಡೂ ಪಕ್ಕ ಗ್ರೌಂಡ್. ಎಸ್‌ಎಂಪಿಎಸ್‌ನ ಸ್ವಂತ ಫ್ಯಾನು ತಿರುಗದಿದ್ದರೆ ಗಾಬರಿ ಬೇಡ, ಕಡಿಮೆ ಲೋಡಿನಲ್ಲಿ ಕೆಲವು ನಿಂತೇ ಇರುತ್ತವೆ. ಅಳತೆಯನ್ನೇ ನಂಬಿ: ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47. ಬೂದು ತಂತಿಯಲ್ಲೂ 5ರ ಆಸುಪಾಸು ಬರಬೇಕು. ವೋಲ್ಟೇಜ್ ಸರಿಯಾಗಿದೆ ಎಂದು ಬೋರ್ಡಿಗೆ ತಿಳಿಸುವುದು ಅದೇ. ಇವೆಲ್ಲ ಸರಿಯಿದ್ದರೂ ಪೂರ್ತಿ ಲೋಡಿನಲ್ಲಿ ಎಸ್‌ಎಂಪಿಎಸ್ ತಡೆದುಕೊಳ್ಳುತ್ತದೆ ಎಂದು ಇದರಿಂದ ಹೇಳಲಾಗದು.

ಅಳತೆ ಸರಿ ಬಂದರೆ ಎಲ್ಲ ಮರುಜೋಡಿಸಿ, ಬೋರ್ಡಿನ ಪವರ್ ಸ್ವಿಚ್ ಪಿನ್ನುಗಳೆರಡನ್ನು ಸ್ಕ್ರೂಡ್ರೈವರಿನಿಂದ ಒಂದು ಕ್ಷಣ ಮುಟ್ಟಿಸಿ. ಚಾಲೂ ಆದರೆ ಕೆಟ್ಟಿರುವುದು ಕ್ಯಾಬಿನೆಟ್ಟಿನ ಬಟನ್ ಅಥವಾ ಅದರ ತಂತಿ. ಆಗದಿದ್ದರೆ ಬೋರ್ಡಿನ ಅಡಿಯಲ್ಲಿ ರಂಧ್ರವಿಲ್ಲದ ಕಡೆ ಹಿತ್ತಾಳೆ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಎತ್ತಿ ಹಿಡಿಯುವ ಚಿಕ್ಕ ಕಂಬ) ಉಳಿದು ಶಾರ್ಟ್ ಆಗಿದೆಯೇ ನೋಡಿ. ಎಸ್‌ಎಂಪಿಎಸ್‌ನ ಡಬ್ಬವನ್ನು ಮಾತ್ರ ಬಿಚ್ಚಬೇಡಿ; ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಪ್ರಾಣಾಪಾಯ ತರುವಷ್ಟು ವೋಲ್ಟೇಜ್ ಉಳಿದಿರಬಹುದು.