ಅಜ್ಜಿ ಎಲ್ಲಿ ನಕ್ಕಿದ್ದಾಳೆ?

ನಮಸ್ಕಾರ,

ವಿಯೆಟ್ನಾಂನ ಹನೋಯಿ ಬೀದಿಗಳಲ್ಲಿ ಫೋಟೊ ತೆಗೆದ ಬಗ್ಗೆ ನೀವು ಬರೆದ ಲೇಖನ, ಚಿತ್ರಗಳ ಸಮೇತ ತಲುಪಿತು. ಭಾಷೆ ಸಲೀಸಾಗಿದೆ, ಕಾಗುಣಿತ ತಪ್ಪಿಲ್ಲ. ಈಗಿನ ಕಾಲಕ್ಕೆ ಅದೇ ದೊಡ್ಡದು. ಆದರೆ ಎರಡನೇ ಪುಟಕ್ಕೆ ಬರುವಾಗ ನನಗೆ ಸಿಟ್ಟು ಬಂತು.

"ಹಣ್ಣು ಮಾರುವ ಅಜ್ಜಿಯ ಮುಗ್ಧ ನಗು ನನ್ನ ಕ್ಯಾಮೆರಾವನ್ನು ಸೆಳೆಯಿತು" ಅಂತ ಬರೆದಿದ್ದೀರಿ. ನಿಮ್ಮದೇ ಫೋಟೊ ನೋಡಿ. ಅಜ್ಜಿ ಎಲ್ಲಿ ನಕ್ಕಿದ್ದಾಳೆ? ಹೆಗಲ ಮೇಲೆ ಬಿದಿರಿನ ಅಡ್ಡೆ, ಎರಡೂ ತುದಿಗೆ ತಕ್ಕಡಿ ಥರ ಬುಟ್ಟಿ. ಮುಂದಿನ ಬುಟ್ಟಿ ತೂಗಾಡದ ಹಾಗೆ ಹಗ್ಗ ಹಿಡಿದಿದ್ದಾಳೆ. ಮೊಣಕಾಲು ಸ್ವಲ್ಪ ಬಗ್ಗಿದೆ. ಪಕ್ಕದಲ್ಲೇ ಸ್ಕೂಟರ್ ನುಗ್ಗುತ್ತಿದೆ. ಅವಳ ಕಣ್ಣು ಅದರ ಮೇಲಿದೆ, ನಿಮ್ಮ ಮೇಲಲ್ಲ. ಅಲ್ಲಿನ ಹಳೇಪೇಟೆಯಲ್ಲಿ ಪ್ರವಾಸಿಗರ ಹೆಗಲಿಗೇ ಅಡ್ಡೆ ಏರಿಸಿ, ಫೋಟೊ ಆದಮೇಲೆ ದುಡ್ಡು ಕೇಳುವವರೂ ಇದ್ದಾರೆ. ಅದೂ ವ್ಯಾಪಾರವೇ, ತಪ್ಪೇನಿಲ್ಲ. ಈಕೆ ಕೇಳಿದಳಾ? ನೀವು ಹಣ್ಣು ಕೊಂಡಿರಾ? ಯಾವ ಹಣ್ಣು? ಇದ್ಯಾವುದೂ ಇಲ್ಲ. ಮುಂದಿನ ಸಾಲು "ಕಾಲವೇ ನಿಂತಂತಿತ್ತು." ಸ್ಕೂಟರ್ ನಿಂತಿರಲಿಲ್ಲವಲ್ಲ!

ಇನ್ನೊಂದು: "ಕಾಫಿಯ ಘಮದಲ್ಲಿ ಇಡೀ ನಗರ ಮಿಂದಿತ್ತು." ನೀವು ಮೂಡಿಗೆರೆಯವರು, ಮನೆಯಲ್ಲಿ ರೊಬಸ್ಟಾ ಕಾಫಿ ತೋಟ ಇದೆ ಅಂತ ಪರಿಚಯದಲ್ಲಿದೆ. ಜಗತ್ತಿನಲ್ಲೇ ಎಲ್ಲರಿಗಿಂತ ಜಾಸ್ತಿ ರೊಬಸ್ಟಾ ಬೆಳೆಯುವ ದೇಶಕ್ಕೆ ಹೋಗಿ ಬಂದು ಇಷ್ಟೇನಾ? ಅಲ್ಲಿ ಲೋಟದ ಮೇಲೇ 'ಫಿನ್' ಅನ್ನೋ ಪುಟ್ಟ ಫಿಲ್ಟರ್ ಕೂರಿಸುತ್ತಾರೆ. ಡಿಕಾಕ್ಷನ್ ತೊಟ್ಟು ತೊಟ್ಟಾಗಿ ತಳದಲ್ಲಿರುವ ಮಂದ ಸಿಹಿ ಹಾಲಿನ ಮೇಲೆ ಇಳಿಯುತ್ತದೆ. ನಿಮ್ಮ ಆರನೇ ಫೋಟೊದಲ್ಲಿ ಅದು ಮೂಲೆಯಲ್ಲಿ ಮಸುಕಾಗಿ ಕೂತಿದೆ. ಫೋಕಸ್ ಆಗಿರುವುದು ಹಿಂದಿನ ಹಳದಿ ಗೋಡೆ. ತೋಟದ ಮನೆಯವರೇ ಇದನ್ನು ಬಿಟ್ಟರೆ ಹೇಗೆ?

ನಾನು ಹಾಸನದಲ್ಲಿ ಕೆಲಸ ಕಲಿಯುವಾಗ ಒಂದು ರೋಲಿಗೆ 36 ಫ್ರೇಮು, ಅದಕ್ಕೂ ಲೆಕ್ಕ ಕೊಡಬೇಕಿತ್ತು. ಸಂತೆಯ ಫೋಟೊ ತಂದರೆ ನಮ್ಮ ಹಿರಿಯ ಸಂಪಾದಕರು ಪ್ರಿಂಟ್ ಮುಟ್ಟುವ ಮೊದಲೇ ಕೇಳುತ್ತಿದ್ದರು: "ಆಲೂಗಡ್ಡೆ ಮೂಟೆ ಎಷ್ಟಕ್ಕೆ ಹೋಯ್ತು? ಈ ಹಮಾಲಿ ಯಾವ ಊರಿನವನು?" ಉತ್ತರ ಇಲ್ಲ ಅಂದರೆ ಅಡಿಬರಹ ಬರೆಯಲು ಬಿಡುತ್ತಿರಲಿಲ್ಲ. ಮನಸ್ಸಲ್ಲೇ ಬೈಕೊಂಡು ವಾಪಸ್ ಸಂತೆಗೆ ನಡೆಯುತ್ತಿದ್ದೆವು. "ಮತ್ತೆ ಕಳಿಸಿದ್ರಾ?" ಅಂತ ಹಮಾಲಿಗಳು ನಗುತ್ತಿದ್ದರು. ಅದು ನಿಜವಾದ ನಗು, ಮುಗ್ಧವಂತೂ ಅಲ್ಲ.

ಮನೆಗಳ ನಡುವೆಯೇ ರೈಲು ಹಾಯುವ ಆ 'ರೈಲು ಬೀದಿ'ಯ ಫೋಟೊ ಬೇಡ, ಎಲ್ಲರ ಫೋನಲ್ಲೂ ಇದೆ. ಅಜ್ಜಿಯದು ಮತ್ತು ಫಿನ್ ಇರುವುದು, ಇವೆರಡರ ಮೂಲ ಫೈಲ್ ಕಳಿಸಿ. ಬರಹವನ್ನು ಇವೆರಡರ ಸುತ್ತಲೇ ಹೊಸದಾಗಿ ಬರೆಯಿರಿ. 'ಮುಗ್ಧ' ಇನ್ನೊಂದು ಸಲ ಕಂಡರೆ ಪೂರ್ತಿ ಓದದೆ ವಾಪಸ್ ಕಳಿಸುತ್ತೇನೆ.